ಖಾಲಿ ಮರಳುವ ವಿಮಾನ

"ನಮ್ಮಪ್ಪ ಅಲ್ಲಿ ಕೈಕಾಲು ಅಲ್ಲಾಡ್ಸೂಕೆ ಆಗ್ದೆ ಮಲಗಿದಾರೆ. ನೀವು ಇಲ್ಲಿ ವಿಮಾನ ಮಾರೂಕೆ ಬಂದೀರಾ?"

ಕಾರವಾರದ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತವರೆಲ್ಲ ಚಂದನಾಳತ್ತ ತಿರುಗಿ ನೋಡಿದರು. ಅವಳೆದುರು ನಿಂತಿದ್ದ ಯುವಕ ಮಾತ್ರ ಕದಲಲಿಲ್ಲ.

"ನಾನು ಕಿಶೋರ. ನಿಮ್ಮ ಬೋಟಿನ ಖಲಾಸಿ ಬೊಮ್ಮಯ್ಯನ ಮಗ. ಗೋವಾದಲ್ಲಿ ಬಾಡಿಗೆ ವಿಮಾನದ ಕಂಪನಿಲಿ ಕೆಲ್ಸ ಮಾಡ್ತೆ. ಅಪ್ಪ ಫೋನಲ್ಲಿ ಅತ್ತುಬಿಟ್ಟ... ಅದ್ಕೆ ಬಂದೆ."

ಚಂದನಾ ಬೆಂಚಿನ ಮೇಲೆ ಕೂತಳು. ಸಿಟ್ಟು ಮಾಡಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ತಾಯಿಯಿಲ್ಲದ ಅವಳಿಗೆ ಅಪ್ಪ ತುಳಸಿದಾಸನೇ ಎಲ್ಲ. ಬೇಲೇಕೇರಿಯ ಬಂದರಿನಲ್ಲಿ ಅವನದೊಂದು ಬೋಟಿತ್ತು. ಆ ಬೋಟಿನ ದುಡಿಮೆಯಲ್ಲೇ ಮಗಳನ್ನು ಓದಿಸಿ, ಕಾರವಾರದ ಕಚೇರಿಯೊಂದರಲ್ಲಿ ನೌಕರಿಗೆ ಸೇರುವಂತೆ ಮಾಡಿದ್ದ. 2007ರ ಆ ಚಳಿಗಾಲದಲ್ಲಿ, ತುಂಬಿದ ಬಲೆ ಎಳೆಯುವಾಗ ಹಗ್ಗ ಕಡಿದು, ಕಬ್ಬಿಣದ ರಾಟೆ ಬಂದು ಅವನ ಕುತ್ತಿಗೆಗೆ ಬಡಿದಿತ್ತು.

"ಮುಂಬೈಯಲ್ಲಿ ಆಪರೇಷನ್ ಆಗಬೇಕು. ಒಂದೆರಡು ದಿನದೊಳಗೆ," ಎಂದಿದ್ದರು ಡಾಕ್ಟರು. "ಅಷ್ಟು ದೂರ ರಸ್ತೆ ಮೇಲೆ ಕುಲುಕಿದರೆ ಉಸಿರೇ ನಿಲ್ಲಬಹುದು."

ದಿನವೂ ಹಾರುವ ವಿಮಾನಗಳಲ್ಲಿ ಸ್ಟ್ರೆಚರಿಗೆ ಅಷ್ಟು ಬೇಗ ಜಾಗ ಸಿಗುತ್ತಿರಲಿಲ್ಲ. ರೋಗಿಗಾಗಿಯೇ ಮುಂಬೈಯಿಂದ ವಿಮಾನ ತರಿಸಬೇಕೆಂದರೆ ಬೋಟು ಮಾರಬೇಕು. ಕೊಳ್ಳುವವನೊಬ್ಬ ಆಗಲೇ ಆಸ್ಪತ್ರೆಯ ಬಾಗಿಲಿಗೆ ಬಂದು ಹೋಗಿದ್ದ.

"ಬೋಟು ಮಾರಬೇಡಿ," ಎಂದ ಕಿಶೋರ ಮೆಲ್ಲಗೆ. "ದೊಡ್ಡ ಮಂದಿ ಮದ್ವೆಗೆ ಹೇಳಿ ಮುಂಬೈಯಿಂದ ಸಣ್ಣ ವಿಮಾನ ಮಾಡ್ಕಂಡು ಗೋವಾಕ್ಕೆ ಬರ್ತಾರೆ. ಅವರನ್ನ ಇಳಿಸಿ ಅದು ಖಾಲಿ ವಾಪಸ್ ಹೋಗ್ತದೆ. ಖಾಲಿ ಹಾರೂದಕ್ಕಿಂತ ಸಿಕ್ಕಿದ್ದು ಸಿಗ್ಲಿ ಹೇಳಿ ಕಂಪನಿಯವರು ಬಹಳ ಕಡ್ಮೆಗೆ ಕೊಡ್ತಾರೆ. ನಾಳೆ ಮಧ್ಯಾಹ್ನ ಒಂದು ಬರ್ತದೆ. ಎರಡು ಸೀಟು ತೆಗ್ದು ಸ್ಟ್ರೆಚರ್ ಕೂರಿಸ್ವಾ. ಪೈಲಟ್ ಹತ್ರ ಮಾತಾಡೀದೆ. ಡಾಕ್ಟ್ರೊಬ್ಬರು ಜೊತೆಗಿದ್ರೆ ಸಾಕು."

"ಇದ್ರಲ್ಲಿ ತೊಂದ್ರೆ ಎಂತದ್ದು? ಅದನ್ನೂ ಹೇಳಿ."

ಅವನು ಅವಳ ಕಣ್ಣು ತಪ್ಪಿಸಲಿಲ್ಲ. "ಹೊತ್ತು ನಮ್ಮ ಕೈಲಿಲ್ಲ. ಅವರು ಬರೂದು ತಡ ಆದ್ರೆ ನಮ್ದೂ ತಡ."

ಚಂದನಾ ಅಪ್ಪನ ಕೋಣೆಯ ಬಾಗಿಲತ್ತ ನೋಡಿದಳು. ಆಮೇಲೆ ಆಗಲಿ ಎಂದು ತಲೆಯಾಡಿಸಿದಳು. ಆಯ್ಕೆ ಅವಳದೇ ಆಗಿತ್ತು...

ಮರುದಿನ ಬೆಳಿಗ್ಗೆ ಕಿಶೋರನ ಫೋನು ಬಡಿದುಕೊಂಡಿತು. ಮದುವೆಯ ಮಂದಿ ಇವತ್ತು ಹೊರಡುವುದಿಲ್ಲವಂತೆ, ನಾಳೆಯಂತೆ.

ಅವನು ನೇರ ತುಳಸಿದಾಸನ ಕೋಣೆಗೆ ಹೋದ. ಔಷಧಿ ತರಲು ಹೋಗಿದ್ದ ಚಂದನಾ ಮರಳುವಾಗ ಅವನು ತಲೆ ತಗ್ಗಿಸಿಕೊಂಡು ಹೊರಬರುತ್ತಿದ್ದ. "ವಿಮಾನ ಇವತ್ತಿಲ್ಲ, ನಾಳೆ ಖಂಡಿತ ಬರ್ತದೆ," ಎಂದಷ್ಟೇ ಹೇಳಿದ.

ಮರುದಿನ ಆಂಬುಲೆನ್ಸು ಕಾಳಿ ಸೇತುವೆ ದಾಟಿ ಗೋವಾದ ದಾರಿ ಹಿಡಿಯಿತು. ಕಾಣಕೋಣದಾಚೆಯ ಘಾಟಿಯ ಒಂದೊಂದು ತಿರುವಿನಲ್ಲೂ ಕಿಶೋರ ಮೊಣಕಾಲೂರಿ, ತುಳಸಿದಾಸನ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲುಗದಂತೆ ಹಿಡಿದಿದ್ದ. ಅವನ ಮೊಣಕಾಲ ಬಳಿ ಪ್ಯಾಂಟು ಹರಿದು ರಕ್ತ ಒಸರುತ್ತಿದ್ದುದನ್ನು ಚಂದನಾ ನೋಡಿದಳು. ಇಂಥ ಹೊತ್ತಿನಲ್ಲೂ ಎದೆಯೊಳಗೆ ಏನೋ ಮಿಡಿಯಿತು. ಅದಕ್ಕೆ ತನ್ನ ಬಗ್ಗೆ ತಾನೇ ಹೇಸಿಕೊಂಡಳು.

ವಿಮಾನದೊಳಗೆ ಮೆತ್ತನೆಯ ಬಿಳಿ ಸೀಟುಗಳು, ಯಾರೋ ಬಿಟ್ಟುಹೋದ ಮಲ್ಲಿಗೆಯ ವಾಸನೆ. ಅಪ್ಪನ ಉಸಿರು ಮಾತ್ರ ಹರಿದು ಹರಿದು ಬರುತ್ತಿತ್ತು.

"ಸಮುದ್ರ ಕಾಣ್ತದಾ, ಮಗಾ?"

"ಕಾಣ್ತದೆ, ಅಪ್ಪ."

"ಬೋಟು ಅದ್ಯಾ?"

"ಸುಮಾರು ಬೋಟು ಅವೆ..." ಅವಳು ಮುಖವನ್ನು ಕಿಟಕಿಯತ್ತ ತಿರುಗಿಸಿದಳು. ಕಿಶೋರನ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಅವಳು ಎಳೆದುಕೊಳ್ಳಲಿಲ್ಲ.

ಆಪರೇಷನ್ ಆಯಿತು. ಆದರೆ ತುಳಸಿದಾಸ ಉಳಿಯಲಿಲ್ಲ. ಒಂದು ವಾರ ಯಂತ್ರದ ಉಸಿರಿನಲ್ಲಿದ್ದು, ಬೆಳಗಿನ ಹೊತ್ತು ಹೋಗಿಬಿಟ್ಟ.

"ಒಂದು ದಿನ ಮೊದಲು ಬಂದಿದ್ರೆ?" ಚಂದನಾ ಡಾಕ್ಟರನ್ನು ಕೇಳಿದಳು.

"ಹೇಳೋದು ಕಷ್ಟಮ್ಮ."

ಇಲ್ಲ ಎಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಹೌದು ಎಂದಿದ್ದರೂ ಸರಿ. ಆ ಮಾತು ಎರಡೂ ಅಲ್ಲದೆ ಅವಳೊಳಗೆ ಮುಳ್ಳಾಗಿ ಕೂತಿತು. ಹೊರಗೆ ಕಿಶೋರ ನಿಂತಿದ್ದ.

"ಬೋಟು ಮಾರಿದ್ರೆ ನಿಮ್ಮಪ್ಪನ ಕೆಲ್ಸ ಹೋಗ್ತಿತ್ತು. ಅದಕ್ಕೇ ಅಲ್ವಾ ನನ್ನಪ್ಪನನ್ನ ಕಾಯ್ಸಿದ್ದು?"

ಕಿಶೋರ ಅವಳತ್ತ ಒಂದು ಹೆಜ್ಜೆ ಇಟ್ಟ. ಮತ್ತೆ ಹಿಂದೆ ಸರಿದ.

"ಇನ್ನು ನನ್ನ ಕಣ್ಣೆದುರು ಬರಬೇಡಿ."

ಅವನು ಬರಲಿಲ್ಲ.

ಬೋಟನ್ನು ಬೊಮ್ಮಯ್ಯನ ವಶಕ್ಕೆ ಬಿಟ್ಟು ಚಂದನಾ ಬಂದರಿನ ಕಡೆ ತಲೆ ಹಾಕಲಿಲ್ಲ. ಮರೆತೆ ಅಂದುಕೊಂಡಾಗಲೆಲ್ಲ, ಅಪ್ಪನ ತಲೆ ಹಿಡಿದಿದ್ದ ಆ ಕೈಗಳು ನೆನಪಾಗುತ್ತಿದ್ದವು. ತಾನು ದ್ವೇಷಿಸುವವನ ನೆನಪಿಗೆ ಇಷ್ಟು ಅಳು ಯಾಕೆ ಬರಬೇಕು?

ಅಪ್ಪನ ವರ್ಷಾಂತದ ತಿಥಿಯ ಸಂಜೆ, ನೆಂಟರೆಲ್ಲ ಹೋದ ಮೇಲೆ, ಅಪ್ಪನ ತಂಗಿ ರುಕ್ಮಿಣಿ ಅವಳ ಪಕ್ಕ ಬಂದು ಕೂತಳು.

"ಕಿಶೋರನ್ನ ಕರೀಲಿಲ್ಲ ಯಾಕೆ?"

"ಅವನ ಹೆಸರು ಎತ್ತಬೇಡಿ, ಅತ್ತೆ."

ರುಕ್ಮಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣ ಆಣೆ ಹಾಕ್ಸಿದ್ದ. ಇನ್ನು ಮುಚ್ಚಿಡೂಕೆ ನನ್ನಿಂದ ಆಗೂದಿಲ್ಲ. ವಿಮಾನ ತಡ ಹೇಳಿ ಗೊತ್ತಾದ ದಿನ ನಾನು ಮಂಚದ ಹತ್ರನೇ ಇದ್ದೆ. 'ಇದು ಬೇಡ, ತುಳಸಿದಾಸಣ್ಣ. ಬೋಟು ಹೋದ್ರೆ ಹೋಗ್ಲಿ, ಆಸ್ಪತ್ರೆ ವಿಮಾನನೇ ಕರೆಸ್ವಾ' ಹೇಳಿ ಆ ಹುಡ್ಗ ಕೈ ಮುಗ್ದು ಬೇಡ್ಕಂಡ. ಅಣ್ಣ ಒಪ್ಲಿಲ್ಲ. ಬೋಟು ನಂಬ್ಕಂಡು ಇಷ್ಟು ಮನೆ ಅವೆ, ನನ್ನ ಮಗಳಿಗೂ ಅದೊಂದೇ ಅದೆ ಅಂದ."

"ನನಗ್ಯಾಕೆ ಹೇಳಲಿಲ್ಲ?" ಚಂದನಾ ಕೇಳಿದಳು.

"ಹೇಳಬೇಡ ಅಂದವನೂ ಅಣ್ಣನೇ. 'ಸತ್ತವನ ಮೇಲೆ ಸಿಟ್ಟಾದ್ರೆ ಅದು ಇಳಿಯೂದಿಲ್ಲ, ಕಿಶೋರ. ಬದುಕಿದವನ ಮೇಲಾದ್ರೆ ಒಂದಿನ ಇಳೀತದೆ. ನೀನು ತಡ್ಕ' ಅಂದ."

ಚಂದನಾ ಗೋಡೆಗೆ ತಲೆಯಾನಿಸಿ, ವರ್ಷವಿಡೀ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತಳು. ಅಪ್ಪನ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಅದಕ್ಕಿಂತ ಹೆಚ್ಚು.

ಆ ಭಾನುವಾರ ಅವಳು ಬೇಲೇಕೇರಿಗೆ ಹೋದಳು. ರಜೆಗೆ ಬಂದಿದ್ದ ಕಿಶೋರ ಮನೆಯಂಗಳದಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

"ಅತ್ತೆ ಎಲ್ಲ ಹೇಳಿದ್ರು."

ಅವನು ಬಲೆಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಅಷ್ಟು ಕೆಟ್ಟ ಮಾತು ಅಂದೆ. ಒಂದು ಸಲನಾದ್ರೂ ಎದುರು ಮಾತಾಡಬಾರದಿತ್ತಾ?"

"ಮಾತಾಡೂಕೆ ನನ್ನ ಹತ್ರ ಎಂತ ಇತ್ತು? ಖಾಲಿ ವಿಮಾನದ ಸುದ್ದಿ ತಂದವ ನಾನೇ. ಆ ದಿನ ನಿಮ್ಮಪ್ಪನ ಮಾತು ಮೀರಬೇಕಿತ್ತಾ... ಈಗ್ಲೂ ಗೊತ್ತಾಗೂದಿಲ್ಲ."

"ಒಪ್ಪಿದವಳು ನಾನೇ," ಎಂದಳು ಚಂದನಾ. "ಅದನ್ನ ಒಬ್ಬಳೇ ಹೊರೂಕೆ ಆಗದೆ ನಿಮ್ಮ ತಲೆ ಮೇಲೆ ಹಾಕಿದೆ. ಇನ್ನು ಇಬ್ಬರೂ ಸೇರಿ ಹೊರುವಾ?"

ಕಿಶೋರನ ಕೈಯಿಂದ ಬಲೆ ಜಾರಿತು. "ಚಂದನಾ... ನೀವು ಎಂತ ಕೇಳ್ತಾ ಇದ್ದೀರಿ ಹೇಳಿ ಗೊತ್ತದ್ಯಾ?"

"ಗೊತ್ತದೆ. ನಿಮಗೆ ಯೋಚ್ನೆ ಮಾಡೂಕೆ ಹೊತ್ತು ಬೇಕಾದ್ರೆ ತಕಳಿ."

"ಒಂದು ವರ್ಷ ಅದನ್ನೇ ಮಾಡೀದೆ," ಎಂದ ಅವನು. ಅವನ ಕಣ್ಣು ತುಂಬಿತ್ತು. "ಊಟ ಆಯ್ತಾ ನಿನ್ನದು?"

ಅವನು ಮೊದಲ ಸಲ 'ನೀನು' ಎಂದಿದ್ದ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬಾ, ಒಳಗೆ ಬಾ. ಅವ್ವ ಈಗಷ್ಟೇ ಅನ್ನ ಬಸ್ದಾಳೆ."