ಫ್ರಿಜ್ಜಿನ ಬೆಳಕಲ್ಲಿ ಕಂಡ ಮುಖ

"ಆ ಪ್ರಶ್ನೆ ಹಾಕಿದ್ದು ಯಾರು ಅಂತ ಗೊತ್ತಾಗೋವರೆಗೂ ನಾನು ಟೊರಾಂಟೋಗೆ ವಾಪಸ್ ಹೋಗಲ್ಲ," ಎಂದಳು ಮಾರೆನ್ ಹಾಲ್ವರ್ಸನ್, ಬಾಗಿಲಲ್ಲೇ ನಿಂತು.

"ಮೊದಲು ಒಳಗೆ ಬಾಮ್ಮ, ಬೂಟಿನ ಹಿಮ ಕೊಡವಿ," ಎಂದರು ವರ್ನಾ ಲಿಂಡ್‌ಕ್ವಿಸ್ಟ್. ಬೆಂಕಿ ಅನಾಹುತಗಳ ತನಿಖೆ ನಡೆಸಿ ನಿವೃತ್ತರಾದವರು ಅವರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಪ್ರತಿ ಪತ್ತೇದಾರಿಕೆಗೂ ಅವರ ಬಾಲದಂತೆ ಹೋಗುತ್ತಿದ್ದೆ.

ಹಿಂದಿನ ದಿನವಷ್ಟೇ ನಮ್ಮ ಡುಲೂತ್ ಗ್ರಂಥಾಲಯ, ಸಿನಿಮಾ ನಿರ್ದೇಶಕಿ ಮಾರೆನ್ ಜೊತೆ ಆನ್‌ಲೈನ್ ಸಂವಾದ ಏರ್ಪಡಿಸಿತ್ತು. ಚಿಕ್ಕಂದಿನಲ್ಲಿ ಇದೇ ಊರಲ್ಲಿ ತನ್ನ ಅಪ್ಪ ಮನೆ ಬಿಟ್ಟುಹೋದ ಸಂಜೆಯ ಕುರಿತು ಅವಳು ಮಾಡಿದ ಸಿನಿಮಾ ಊರಿನವರಿಗೆಲ್ಲ ಹಿಡಿಸಿತ್ತು. ಮಾತುಕತೆಯ ನಡುವೆ ಪರದೆಯ ಮೇಲೆ ಹೆಸರಿಲ್ಲದ ಪ್ರಶ್ನೆಯೊಂದು ಮೂಡಿತು: 'ಆವತ್ತು ನಿಮ್ಮಮ್ಮ ಫ್ರಿಜ್ಜಿನ ಬೆಳಕಲ್ಲಿ ನಿಂತು ನಗುತ್ತಿದ್ದರು. ಸಿನಿಮಾದಲ್ಲಿ ಅವರು ಅಳುವಂತೆ ತೋರಿಸಿದ್ದೇಕೆ?' ಮಾರೆನ್ ಬಿಳಿಚಿಕೊಂಡು ಸಂಪರ್ಕ ಕಡಿದಿದ್ದಳು.

"ಆವತ್ತು ಅಡುಗೆಮನೇಲಿ ಇದ್ದಿದ್ದು ನಾನು, ಅಮ್ಮ ಇಬ್ಬರೇ," ಎಂದಳು ಈಗ ಒಳಬಂದು ಕೂತು. "ನಾನು ಮೇಜಿನ ಕೆಳಗೆ ಅಡಗಿದ್ದೆ. ಅಮ್ಮನ ಚಪ್ಪಲಿ ಮಾತ್ರ ಕಾಣ್ತಿತ್ತು. ಆದ್ರೆ ಬಿಕ್ಕಿ ಬಿಕ್ಕಿ ಅತ್ತಿದ್ದು ಕಿವಿಯಾರೆ ಕೇಳಿದೀನಿ. ಅಮ್ಮ ಈಗಿಲ್ಲ. ಫ್ರಿಜ್ ತೆಗೆದಿತ್ತು ಅನ್ನೋದು ಸಿನಿಮಾದಲ್ಲೂ ಇಲ್ಲ, ಇನ್ಯಾರಿಗೆ ಗೊತ್ತು?"

ಪ್ರಶ್ನೆ ಬಂದದ್ದು ಗ್ರಂಥಾಲಯದ ಕಂಪ್ಯೂಟರಿನಿಂದಲೇ ಎಂದು ಅಲ್ಲಿನವರು ಹೇಳಿದರು. ಸಂವಾದದ ಹೊತ್ತಿಗೆ ಅಲ್ಲಿನ ಕಂಪ್ಯೂಟರುಗಳ ಮುಂದೆ ಕೂತಿದ್ದವರು ಮೂವರು. ಮಾರೆನ್‌ಳ ಚಿಕ್ಕಮ್ಮ ಗುಡ್ರುನ್, ಸಿನಿಮಾದಲ್ಲಿ ಅಪ್ಪನ ಪಾತ್ರ ಮಾಡಿದ ತರುಣ ನಟ ಕೋರ್ವಿನ್, ಗುಡ್ರುನ್‌ರ ಪಕ್ಕದ ಮನೆಯ ಮುದುಕ ಆರ್ವೋ ನಿಯೆಮಿ. ಕಾಫಿ ಹಂಚುತ್ತಿದ್ದ ನಾನು ಮೂವರನ್ನೂ ನೋಡಿದ್ದೆ. ಫೋನಿನಲ್ಲಿ ಗುಸುಗುಸು ಮಾಡುತ್ತಿದ್ದ ಆರ್ವೋಗೆ ಸುಮ್ಮನಿರಲು ಹೇಳಿದ್ದೂ ನಾನೇ.

ವರ್ನಾ ನೇರವಾಗಿ ಮಾರೆನ್ ಬೆಳೆದ ಆ ಹಳೆಯ ಮನೆಗೆ ನಡೆದರು. ಈಗ ಅಲ್ಲಿ ಗುಡ್ರುನ್ ವಾಸ. ವರ್ನಾ ಮಂಡಿಯೂರಿ ಮೇಜಿನ ಕೆಳಗೆ ತೂರಿದರು, ಫ್ರಿಜ್ ತೆರೆಸಿದರು, ಆಮೇಲೆ ಹಿತ್ತಿಲ ಜಗಲಿಗೆ ಹೋಗಿ ಕಿಟಕಿಯಿಂದ ಇಣುಕಿದರು. "ಏನಾದ್ರೂ ಜೋರಾಗಿ ಕೂಗು," ಎಂದು ಸನ್ನೆ ಮಾಡಿದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಒಳಬಂದವರ ಕಣ್ಣು ಹೊಳೆಯುತ್ತಿತ್ತು. "ಎಲ್ಲರನ್ನೂ ಕರೆಸು."

ಮಾರೆನ್ ಸಮೇತ ಎಲ್ಲರೂ ಅದೇ ಅಡುಗೆಮನೆಯಲ್ಲಿ ಸೇರಿದರು.

"ಅಳೋರ ಮುಖಾನೂ ನಗೋರ ಮುಖಾನೂ ಹಲ್ಲು ಕಿರಿದಾಗ ಒಂದೇ ಥರ," ಎಂದು ವರ್ನಾ ಆರಂಭಿಸಿದರು. "ದನಿ ಕೇಳಿದೋರು ಮೋಸ ಹೋಗಲ್ಲ. ಆ ಪ್ರಶ್ನೆ ಯಾರದೋ ಅವರು ಮುಖ ನೋಡಿದಾರೆ, ದನಿ ಕೇಳಿಲ್ಲ. ಅಂದ್ರೆ ಒಳಗಿನ ಕೂಗೂ ಕೇಳಿಸದ ಆ ಚಳಿಗಾಲದ ಜೋಡಿ ಗಾಜಿನ ಕಿಟಕಿ ಆಚೆ, ಜಗಲೀಲಿ ನಿಂತಿದ್ರು. ಫ್ರಿಜ್ಜಿನ ಮುಂದೆ ನಿಂತವರ ಮುಖ ಕಾಣೋದೂ ಅಲ್ಲಿಂದಲೇ."

"ನಾನಾಗ ದೂರದ ಫಾರ್ಗೋ ಊರಿನ ಆಸ್ಪತ್ರೇಲಿ ನರ್ಸ್ ಆಗಿದ್ದೆ," ಎಂದರು ಗುಡ್ರುನ್ ಖಾರವಾಗಿ.

"ಗೊತ್ತು. ಕೋರ್ವಿನ್ ಹುಟ್ಟೇ ಇರಲಿಲ್ಲ. ಆರ್ವೋ ಈ ಬೀದಿಗೆ ಬಂದಿದ್ದು ಆಮೇಲೆ. ಮೂವರಲ್ಲಿ ಯಾರೂ ನೋಡಿಲ್ಲ, ಆದ್ರೂ ಒಬ್ಬರು ಟೈಪ್ ಮಾಡಿದಾರೆ. ಹಾಗಾದ್ರೆ ನೋಡಿದೋರು ಹೇಳಿರಬೇಕು, ಸಂವಾದ ನಡೀತಿರುವಾಗಲೇ, ಫೋನಲ್ಲಿ. ಗಂಡ ಹೋದ ದಿನ ಈ ಜಗಲಿಗೆ ಸದ್ದಿಲ್ಲದೆ ವಾಪಸ್ ಬರೋರು ಆ ಗಂಡನಲ್ದೆ ಇನ್ಯಾರು? ಆರ್ವೋ, ನಿನ್ನ ಜೊತೆ ಫೋನಲ್ಲಿ ಗುಸುಗುಸು ಮಾಡಿದ ಅವನು ಎಲ್ಲಿದಾನೆ?"

ಆರ್ವೋ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಕೆನಡಾದ ಥಂಡರ್ ಬೇ ಊರಲ್ಲಿ. ನಾವಿಬ್ಬರೂ ಹಡಗಲ್ಲಿ ಕೆಲಸಕ್ಕಿದ್ವಿ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದ. ಆವತ್ತು ಕ್ಷಮೆ ಕೇಳೋಕೆ ಬಂದಿದ್ನಂತೆ. ಹೆಂಡತಿ ನಗ್ತಿರೋದು ನೋಡಿ, ನಾನಿಲ್ದೇನೇ ಇವರು ಸುಖವಾಗಿದಾರೆ ಅಂತ ತಿರುಗಿ ಹೋದ. ನಿನ್ನ ಸಿನಿಮಾ ನೋಡಿದಾಗಿಂದ ಅವನಿಗೆ ನಿದ್ದೆಯಿಲ್ಲಮ್ಮ. ಅವನು ಕೇಳು ಅಂದಿದ್ದನ್ನ ನಾನು ಟೈಪ್ ಮಾಡಿದೆ."

ಮಾರೆನ್ ಫೋನಿಗಾಗಿ ಕೈ ಚಾಚಿದಳು. ಆರ್ವೋ ನಂಬರ್ ಒತ್ತಿ ಫೋನ್ ಕೊಟ್ಟ.

"ಅಪ್ಪಾ, ನಾನು," ಎಂದಳು. "ಅಮ್ಮ ನಗ್ತಿರಲಿಲ್ಲ. ನಾನು ಅಲ್ಲೇ ಇದ್ದೆ."

ಆ ಕಡೆಯಿಂದ ಬಂದ ಸದ್ದು ಅಳುವೆಂದು ನಮಗೆಲ್ಲರಿಗೂ ಗೊತ್ತಾಯಿತು.

"ಎಲ್ಲೂ ಹೋಗಬೇಡ. ನಾನು ಈಗಲೇ ಹೊರಟೆ," ಎಂದು ಮಾರೆನ್ ಬಾಗಿಲಿನತ್ತ ಓಡಿದಳು.

ಗುಡ್ರುನ್ ಆಗಲೇ ಕೋಟು ತೊಟ್ಟಿದ್ದರು. "ತಡಿ, ನಾನೂ ಬರ್ತೀನಿ. ಇಷ್ಟು ವರ್ಷದ ಬೈಗುಳ ನನ್ನ ಹತ್ರ ಹಾಗೇ ಇದೆ."