ಸಣ್ಣದೊಂದು ಮಾಡಿದ್ರ ಸಾಕು

ಅವರಿಬ್ಬರ ಮೊದಲ ಮಾತೇ ಜಗಳ. ಅದೂ ಒಂದು ಬಕೀಟಿಗಾಗಿ.

ಬೊಂಬಾಯಿಯ ವಡಾಲದ ಚಾಳಿನಲ್ಲಿ ರಾಚವ್ವನ ಮನೆಯ ನಳ ಕೆಟ್ಟಿತ್ತು. ಮೇಲಿನ ಮಾಳಿಗೆಯಲ್ಲಿ ಊರಿನ ಗೆಳೆಯರ ಜೊತೆ ಇದ್ದ ಚೆನ್ನಯ ಪರೇಲಿನ ಮಿಲ್ಲೊಂದರಲ್ಲಿ ಫಿಟ್ಟರ್. ರಾಚವ್ವನ ತಾಯಿ ಅಂಬವ್ವ ಅವನನ್ನೇ ಕರೆಸಿದಳು. ಅವನು ಮೊಣಕಾಲೂರಿ ಕೂತು, ತಲೆ ಎತ್ತದೆ ಕೇಳಿದ.

"ಒಂದು ಬಾಲ್ದಿ ಉಂಟಾ?"

"ಬಾಲ್ದಿ ಇಲ್ರಿ. ಬಕೀಟ ಅದ."

"ಎರಡೂ ಒಂದೇ ಅಲ್ವಾ?"

"ನಮ್ಮ ಮನ್ಯಾಗ ಇರೋದು ಬಕೀಟ. ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ," ಎಂದಳು ರಾಚವ್ವ.

ಆಗ ಅವನು ತಲೆ ಎತ್ತಿದ. ಮೂಗಿನ ತುದಿಯಲ್ಲಿ ನೀರಿನ ಹನಿ, ಕಣ್ಣಿನಲ್ಲಿ ತುಂಟತನ. ನಗಬಾರದೆಂದು ಅವಳು ತುಟಿ ಕಚ್ಚಿ ಹಿಡಿದರೂ ನಗು ಮೂಗಿನಿಂದ ಹೊರಬಿತ್ತು. ಹುಡುಗಿಯ ಬಿಗುಮಾನ ಅಲ್ಲಿಗೇ ಹೋಯಿತು.

ಆಮೇಲೆ ಪ್ರೀತಿ ಬೆಳೆದದ್ದೂ ಮಾತಿನ ಮೇಲೆಯೇ. ಅವನದು ಉಡುಪಿ ಕಡೆಯ, ತುಳು ಬೆರೆತ ಕನ್ನಡ. ಅವಳದು ಅಪ್ಪಟ ಧಾರವಾಡದ್ದು. ವಡಾಲ ಸ್ಟೇಶನ್ನಿನ ಬೆಂಚಿನ ಮೇಲೆ ನಡುವೆ ಒಂದು ಕೊಡೆ ಇಟ್ಟುಕೊಂಡು ಕೂರುತ್ತಿದ್ದರು. ಅವನೊಂದು ಶಬ್ದ ಹೇಳಿದರೆ ಅವಳು, "ಹಂಗಂದ್ರೇನ್ರಿ?" ಎನ್ನುವಳು. ಅವಳೊಂದು ಹೇಳಿದರೆ ಅವನು, "ಹಾಗಂದ್ರೆ ಎಂತದು?" ಎನ್ನುವನು. ಹೀಗೆ ಕೇಳುತ್ತ ಕೇಳುತ್ತ ಎರಡು ವರ್ಷ ಕಳೆದವು. ಮೂರನೆಯ ವರ್ಷ, ಹುಡುಗ ಬೇರೆ ಜಾತಿಯವನೆಂದು ರಾಚವ್ವನ ತಂದೆ ಶೆಟ್ಟೆಪ್ಪ ಬಾಗಿಲು ಮುಚ್ಚಿಕೊಂಡ. ಇಬ್ಬರೂ ರಿಜಿಸ್ಟರ್ ಮದುವೆಯಾಗಿ ದಹಿಸರಿಗೆ ಬಂದರು.

ಐವತ್ತಾರನೆಯ ಇಸವಿಯ ದಹಿಸರ್ ಎಂದರೆ ಹಳ್ಳಿಯೇ. ಲೋಕಲ್ ಇಳಿದು ಹತ್ತು ನಿಮಿಷ ಗದ್ದೆಯ ಬದುವಿನ ಮೇಲೆ ನಡೆದರೆ ಒಂದು ಬದನೆಯ ತೋಟ, ಅಲ್ಲಿಯವರ ಮಾತಿನಲ್ಲಿ ವಾಡಿ, ಅದರ ಮೂಲೆಯಲ್ಲಿ ಅವರ ಒಂಟಿ ಕೋಣೆಯ ಮನೆ. ನೀರು ಬಾವಿಯದು, ದೀಪ ಸೀಮೆಎಣ್ಣೆಯದು. ವಾಡಿಯ ಒಡತಿ ಒಬ್ಬ ಮರಾಠಿ ಆಜಿ. ಬೆಳಿಗ್ಗೆ ಆರರ ಗಾಡಿಗೆ ಚೆನ್ನಯ ಹೋದರೆ ಸಂಜೆಯವರೆಗೆ ರಾಚವ್ವನ ಕನ್ನಡ ಕೇಳುವವರು ಆಜಿಯ ಕೋಳಿಗಳು ಮಾತ್ರ.

ಆ ಕೋಳಿಗಳೂ ಅವಳ ವೈರಿಗಳೇ. ರಾಚವ್ವನಿಗೆ ಗಾಜಿನ ಮಣಿಯ ಕೆಲಸದ ಹುಚ್ಚು. ಮದುವೆಗೆ ಮೊದಲೇ ಒಂದು ಬಾಗಿಲ ತೋರಣ ಶುರುಮಾಡಿದ್ದಳು, ಎದುರುಬದುರು ಎರಡು ಗಿಳಿಗಳದ್ದು. ಒಂದು ಗಿಳಿ ಮುಗಿದಿತ್ತು. ಇನ್ನೊಂದಕ್ಕೆ ಇನ್ನೂ ತಲೆ ಬಂದಿರಲಿಲ್ಲ. ಒಳಗೆ ಕತ್ತಲೆ, ಹೊರಗೆ ಜಗಲಿಯಲ್ಲಿ ಹರಡಿದರೆ ಕೋಳಿ ಬಂದು ಹಸಿರು ಮಣಿಗಳನ್ನೇ ಆರಿಸಿ ನುಂಗುತ್ತಿತ್ತು.

ಧಾರವಾಡದ ಮನೆಗಳಲ್ಲಿ ಗೋಡೆಯೊಳಗೆ ಸಣ್ಣ ಗೂಡು ಬಿಟ್ಟಿರುತ್ತಾರೆ, ದೀಪ ಇಡಲು, ಡಬ್ಬಿ ಇಡಲು. ಅದಕ್ಕೆ ಮಾಡ ಎನ್ನುತ್ತಾರೆ. ವಡಾಲದ ಚಾಳಿನಲ್ಲೂ ಶೆಟ್ಟೆಪ್ಪ ಗವಂಡಿಯನ್ನು ಕರೆಸಿ, ಇಟ್ಟಿಗೆ ಕೀಳಿಸಿ, ಮಗಳ ಮಣಿ ಡಬ್ಬಿಗಳಿಗೆಂದೇ ಒಂದು ಮಾಡ ಮಾಡಿಸಿಕೊಟ್ಟಿದ್ದ. ಅಪ್ಪನ ನೆನಪಾದಾಗಲೆಲ್ಲ ರಾಚವ್ವನಿಗೆ ಅವನ ಸಿಟ್ಟಿಗಿಂತ ಮೊದಲು ಆ ಗೂಡು ಕಣ್ಣಿಗೆ ಬರುತ್ತಿತ್ತು.

ಒಂದು ಸಂಜೆ ಜಗಲಿಯಲ್ಲಿ ಚಹಾ ಕುಡಿಯುತ್ತ ಅವಳು ತನ್ನಷ್ಟಕ್ಕೆ ಎಂಬಂತೆ ಅಂದಳು: "ನಂದ ಅಂತ ಸಣ್ಣದೊಂದು ಮಾಡಿದ್ರ ಸಾಕಿತ್ರಿ. ಮಣಿ ಕೆಲಸಕ್ಕ."

ಚೆನ್ನಯ ಕಪ್ಪು ಕೆಳಗಿಟ್ಟ. "ನಿನಗೆ ಬೇಕಾ?"

"ಬೇಕಂತಲ್ಲ. ಇದ್ರ ಚಲೋ."

"ಯಾವ ಕಡೆಗೆ?"

"ಬೆಳಕ ಬರೂ ಕಡೆ. ಮೂಡಲಕ್ಕ."

ಅವನು ಗಡ್ಡ ಕೆರೆದುಕೊಂಡು ಎದ್ದು, ಮನೆಯ ಪೂರ್ವಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ. ರಾಚವ್ವನೂ ಒಳಗೆ ಹೋಗಿ ಪೂರ್ವದ ಗೋಡೆ ತಟ್ಟಿ ನೋಡಿದಳು. ಜೊಂಡಿನ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ ಅದು. ತೂತು ಕೊರೆದರೆ ಆಚೆ ಬದನೆ ಗಿಡ ಕಾಣಿಸುವುದು. ಇದರಲ್ಲಿ ಎಲ್ಲಿಯ ಮಾಡ ಎಂದು ನಕ್ಕು ಆ ಮಾತನ್ನೇ ಮರೆತುಬಿಟ್ಟಳು.

ಮುಂದಿನ ರವಿವಾರ ಚೆನ್ನಯ ಒಂದು ಗಾಡಿ ಬೊಂಬು ತಂದು ಇಳಿಸಿದ.

ಮನೆಯ ಮೂಡಲ ಗೋಡೆಗೆ ಹೊಂದಿಸಿ ನಾಲ್ಕು ಕುಣಿ ತೋಡಿದ, ಕಂಬ ನಿಲ್ಲಿಸಿದ. ಒಂದು ಮಾತಿಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾನೆ, ಬರುವುದು ಅನ್ನ ಆರಿದ ಮೇಲೆ. ಮಳೆಗಾಲದ ಮೊದಲು ಮುಗಿಯಬೇಕು ಎಂಬುದೊಂದೇ ಜಪ.

"ಪಾವ್ಣೆ ಯೇಣಾರ್ ಕಾ ಗ?" ಎಂದು ಆಜಿ ಬೇಲಿಯಾಚೆಯಿಂದ ಕೇಳಿದಳು. ನೆಂಟರು ಬರುತ್ತಾರಾ ಎಂದು. ರಾಚವ್ವನಿಗೆ ಉತ್ತರ ಗೊತ್ತಿರಲಿಲ್ಲ. ತನ್ನ ಮನೆಯ ಸುದ್ದಿಯನ್ನು ತಾನೇ ಬೇರೆಯವರಂತೆ ಕೇಳಬೇಕಲ್ಲ ಎಂದು ನಾಚಿಕೆಯೂ ಆಯಿತು.

"ಯಾರಿಗ್ರಿ ಇದು?" ಎಂದು ಆ ಸಂಜೆ ಕೇಳಿಯೇಬಿಟ್ಟಳು.

ಚೆನ್ನಯ ಕಣ್ಣಿನ ಅಂಚಿನಿಂದ ಅವಳನ್ನು ನೋಡಿ ನಕ್ಕ. "ಯಾರು ಕೇಳಿದ್ದಾರೋ, ಅವರಿಗೆ."

ಹಿಂದಿನ ರಾಚವ್ವ ಆಗಿದ್ದರೆ, "ಹಂಗಂದ್ರೇನ್ರಿ?" ಎಂದು ಅವನ ಅಂಗಿಯ ಚುಂಗು ಹಿಡಿದು ಜಗ್ಗುತ್ತಿದ್ದಳು. ಆದರೆ ಈ ಮನೆಗೆ ಬಂದಮೇಲೆ ಹಾಗೆ ಕೇಳುವ ರೂಢಿ ಇಬ್ಬರಿಗೂ ತಪ್ಪಿಹೋಗಿತ್ತು. ಅವನಿಗೆ ದಣಿವು, ಅವಳಿಗೆ ಒಂಟಿತನ. ಮಾತು ಅರ್ಥವಾಗಿದೆ ಎಂದುಕೊಂಡೇ ಇಬ್ಬರೂ ದಿನ ದೂಡುತ್ತಿದ್ದರು.

ಮೂರನೆಯ ವಾರ ಚೆನ್ನಯನ ಅಂಗಿ ಒಗೆಯಲು ಹೋದಾಗ ಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಅವನ ಅಕ್ಕ ಸೇವಂತಿ ಊರಿನಿಂದ ಬರೆದದ್ದು. ಓದಬಾರದಿತ್ತು, ಓದಿದಳು.

"ನೀಲಾವತಿಗೆ ಒಂದು ಕೋಣೆ ಮಾಡು ಎಂದು ಹೋದ ಸಲವೇ ಕೇಳಿದ್ದೆ. ಮರೆಯಬೇಡ. ಮಾವನ ಮಗಳು, ನಿನ್ನ ಹೆಸರಿನಲ್ಲೇ ಕೂತಿದ್ದಾಳೆ. ಬೊಂಬಾಯಿಗೆ ಕಳಿಸಿಕೊಡುತ್ತೇನೆ. ಆ ಘಟ್ಟದವಳು ನಿನ್ನ ಹತ್ತಿರ ಎಷ್ಟು ದಿನ ನಿಲ್ಲುತ್ತಾಳೆ ನೋಡುವ."

ಯಾರು ಕೇಳಿದ್ದಾರೋ ಅವರಿಗೆ. ರಾಚವ್ವ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಪ್ಪ ಅಮ್ಮನನ್ನು ಬಿಟ್ಟು ಬಂದದ್ದು ಇದಕ್ಕಾ? ಕಾಗದವನ್ನು ಇದ್ದಂತೆಯೇ ಮಡಿಸಿ ಅವನ ಪುಸ್ತಕದ ಕೆಳಗಿಟ್ಟಳು. ಒಂದು ಮಾತು ಕೇಳಲಿಲ್ಲ. ಕೇಳಿದರೆ ಅವನು ಹೌದು ಎಂದಾನು ಎಂಬ ಭಯ.

ಅಂದಿನಿಂದ ಅವನು ಮಾಡಿದ್ದೆಲ್ಲ ಅವಳಿಗೆ ವಿಚಿತ್ರವಾಗಿಯೇ ಕಂಡಿತು. ಒಂದು ದಿನ ಅವಳು ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಾಗ ಅವನು ಹಿಂದಿನಿಂದ ಬಂದು, ಅವಳ ತೊಡೆಯ ಪಕ್ಕ ಒಂದು ದಾರ ಇಳಿಬಿಟ್ಟು ನೆಲಕ್ಕೆ ಮುಟ್ಟಿಸಿ, ಗಂಟು ಹಾಕಿದ.

"ಏನ್ರಿ ಅದು?"

"ಏನಿಲ್ಲ," ಎಂದು ದಾರವನ್ನು ಜೇಬಿಗೆ ತುರುಕಿಕೊಂಡು ಹೋದ.

ಇನ್ನೊಂದು ರವಿವಾರ ಹೊಸ ಗೋಡೆಗೆ ಕಿಟಕಿ ಇಟ್ಟ. ಅದನ್ನಾದರೂ ಸರಿಯಾಗಿ ಇಟ್ಟನೇ? ನೆಲದಿಂದ ಒಂದು ಗೇಣು ಮೇಲೆ! ನಿಂತವರಿಗೆ ಕಾಣುವುದು ಬದನೆ ಗಿಡದ ಬುಡ ಅಷ್ಟೇ. ಅವರ ಊರಲ್ಲಿ ಹೆಣ್ಣುಮಕ್ಕಳ ಕೋಣೆಗೆ ಹೀಗೇ ಇಡುತ್ತಾರೇನೋ, ಹೊರಗಿನವರ ಕಣ್ಣು ಬೀಳಬಾರದೆಂದು. ನೀಲಾವತಿ ಎಂದರೆ ಅಷ್ಟು ಜೋಪಾನ! ಎಂದು ರಾಚವ್ವ ಒಳಗೊಳಗೇ ಕುದ್ದಳು. ಮದುವೆಯಾದವರ ಹೊಟ್ಟೆಕಿಚ್ಚಿಗೆ ಕಿಟಕಿ ಸಾಕು, ಹೆಣ್ಣೇ ಬರಬೇಕೆಂದಿಲ್ಲ.

ಐದನೆಯ ವಾರ ಅಂಬವ್ವನ ಕಾಗದ ಬಂತು. "ನಿಮ್ಮಪ್ಪನ ಸಿಟ್ಟು ಇಳದದ. ಬಾ. ಆದ್ರ ಒಬ್ಬಾಕಿನ ಬಾ. ಬಂದ ಮ್ಯಾಲ ತಿರುಗಿ ಅಲ್ಲಿ ಹೋಗೂ ಮಾತು ತಗೀಬ್ಯಾಡ ಅಂದಾರ."

ಆ ಕಾಗದವನ್ನು ರಾಚವ್ವ ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡೇ ತಿರುಗಿದಳು. ನಾಲ್ಕನೆಯ ದಿನ ಟ್ರಂಕು ಎಳೆದಳು. ಮೊದಲು ಇಟ್ಟದ್ದು ಸೀರೆಯನ್ನಲ್ಲ, ಮಣಿ ಡಬ್ಬಿಗಳನ್ನು. ಕದ್ದು ಓಡಿಹೋಗುವ ಜಾತಿಯವಳಲ್ಲ ಅವಳು. ಹೇಳಿಯೇ ಹೋಗಬೇಕೆಂದು ರವಿವಾರದ ತನಕ ಕಾದಳು.

ಆ ರವಿವಾರ ಹಂಚು ಹೊದಿಸುವ ದಿನ. ಚೆನ್ನಯ ಮೇಲೆ, ಬೊಂಬಿನ ಪಟ್ಟಿಗಳ ಮೇಲೆ ಕಾಲು ಚಾಚಿ ಕೂತಿದ್ದ. ಅರ್ಧ ಮುಗಿದಿತ್ತು. ರಾಚವ್ವ ಟ್ರಂಕು ತಂದು ಅಂಗಳದಲ್ಲಿಟ್ಟಳು.

"ನಾ ಹೊಂಟೀನ್ರಿ."

"ಬಾವಿಗಾ? ಬರುವಾಗ ಕುಡಿಲಿಕ್ಕೆ ಸ್ವಲ್ಪ ನೀರು ತಾ."

"ವಡಾಲಕ್ಕ. ಎರಡರ ಗಾಡಿಗೆ."

"ಯಾವಾಗ ಬರ್ತಿ?"

ಅವಳು ಟ್ರಂಕಿನ ಕಡೆ ಕೈ ತೋರಿಸಿದಳು. ಆಗ ಅವನು ಬಗ್ಗಿ ನೋಡಿ ಟ್ರಂಕನ್ನು ಕಂಡ. ಕೈಯಲ್ಲಿದ್ದ ಹಂಚು ಕೈಯಲ್ಲೇ ಉಳಿಯಿತು.

"ಖೋಲಿ ತಯಾರಾತಲ್ಲ," ಎಂದಳು. "ನಿಮ್ಮ ನೀಲಾವತಿ ಬರ್ಲಿ. ಆರಾಮ ಇರ್ಲಿ."

"ನೀಲಾವತಿಗೆ ಎಂತಕ್ಕೆ ಮಾಡು?"

"ಎಂತಕ್ಕ ಮಾಡೀರಿ ಅಂತ ನನ್ನ ಕೇಳ್ತೀರಿ? ಮಾಡಿದವರು ನೀವು!"

"ಮಾಡಿದ್ದಲ್ಲ ಮಾರಾಯ್ತಿ, ಮಾಡು! ಮಾಡು!" ಎಂದು ಅವನು ಹಂಚಿನ ಸಾಲನ್ನು ಪಟಪಟನೆ ತಟ್ಟಿದ. "ನೀನೇ ಅಲ್ವಾ ಕೇಳಿದ್ದು? ಸಣ್ಣದೊಂದು ಮಾಡಿದ್ರೆ ಸಾಕು, ಮಣಿ ಕೆಲಸಕ್ಕೆ, ಬೆಳಕು ಬರುವ ಕಡೆ, ಮೂಡಲಿಗೆ ಅಂತ?"

ಆಗ ರಾಚವ್ವನಿಗೆ ಹೊಳೆಯಿತು. ಅವನ ಊರಿನಲ್ಲಿ ಹಂಚಿನ ಇಳಿಜಾರು ಸೂರಿಗೆ ಮಾಡು ಎನ್ನುತ್ತಾರೆ. ಅವಳ ಊರಿನಲ್ಲಿ ಗೋಡೆಯ ಗೂಡಿಗೆ ಮಾಡ. 'ಇದ್ದರೆ' ಎಂಬುದನ್ನು ಅಂಟಿಸಿ ಹೇಳಿದರೆ ಎರಡೂ ಒಂದೇ, 'ಮಾಡಿದ್ರೆ'.

"ನಾ ಕೇಳಿದ್ದು ಮಾಡ ರೀ..." ಎಂದು ಎರಡೂ ಅಂಗೈ ಎದುರುಬದುರು ಹಿಡಿದು ತೋರಿಸಿದಳು. "ಇಷ್ಟ. ಡಬ್ಬಿ ಇಡಾಕ, ಗ್ವಾಡ್ಯಾಗ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಚೆನ್ನಯ ನಗಲಿಲ್ಲ. ನಿಧಾನವಾಗಿ ಇಳಿದು ಬಂದು ಟ್ರಂಕಿನ ಎದುರು ನಿಂತ. ತಲೆಯ ಮೇಲೆಲ್ಲ ಹಂಚಿನ ಕೆಂಪು ಧೂಳು.

"ಆರು ಆದಿತ್ಯವಾರ ನಾನು ಹೊರಗೆ ಇದನ್ನು ಕಟ್ಟಿದೆ, ರಾಚು. ನೀನು ಒಳಗೆ ಟ್ರಂಕು ಕಟ್ಟಿದಿ."

ಆ ಮಾತು ಅವಳನ್ನು ಹೊಡೆತಕ್ಕಿಂತ ಹೆಚ್ಚು ನೋಯಿಸಿತು. ಹೊಸ ಸೂರಿನ ಕೆಳಗೆ ಹೋದಳು. ಆ ಗಿಡ್ಡ ಕಿಟಕಿಯ ಪಕ್ಕ ಒಂದು ಮೊಳೆ, ಮೊಳೆಗೆ ಗಂಟು ಹಾಕಿದ ದಾರ ಇನ್ನೂ ನೇತಾಡುತ್ತಿತ್ತು. ಕಾಲು ಮಡಚಿ ನೆಲದ ಮೇಲೆ ಕೂತಳು. ಕಿಟಕಿಯ ಅಂಚು ಸರಿಯಾಗಿ ಅವಳ ತೊಡೆಯ ಮಟ್ಟಕ್ಕೆ ಬಂತು. ಹೊರಗಿನ ಬೆಳಕು ನೇರವಾಗಿ ಬಂದು ಅವಳ ಮಡಿಲಿನಲ್ಲಿ ಬಿತ್ತು, ಮಣಿಯ ತಟ್ಟೆ ಇಟ್ಟುಕೊಳ್ಳುವ ಜಾಗದಲ್ಲೇ. ನಿಂತು ಕೆಲಸ ಮಾಡುವ ಯಾರಿಗೂ ಇಂಥ ಕಿಟಕಿ ಬೇಡ. ಕೂತು ಮಣಿ ಪೋಣಿಸುವವಳೊಬ್ಬಳಿಗೇ ಬೇಕು.

ಅವಳು ಮುಖ ಮುಚ್ಚಿಕೊಂಡು ಅತ್ತಳು.

"ಅಕ್ಕನ ಕಾಗದ ಓದಿದ್ಯಾ?" ಎಂದು ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಅವನು ಕೇಳಿದ.

ಅವಳು ತಲೆಯಾಡಿಸಿದಳು.

"ಇಲ್ಲಿಗೆ ಯಾರನ್ನೂ ಕಳಿಸುವುದು ಬೇಡ ಅಂತ ಅಂದೇ ಬರೆದು ಹಾಕಿದ್ದೇನೆ."

"ನನಗ್ಯಾಕ ಹೇಳಲಿಲ್ರಿ?"

"ಅದರಲ್ಲಿ ನಿನ್ನನ್ನು ಘಟ್ಟದವಳು ಅಂತ ಹಗುರ ಮಾಡಿ ಬರೆದಿದ್ದಳು. ಅದನ್ನು ನಿನಗೆ ಹೇಗೆ ಹೇಳುವುದು? ನೀನು ಕೂಡ ಕೇಳಲಿಲ್ಲ."

"ಹೆದರಿಕಿ ಆತು. ನೀವು ಹೌದು ಅಂದ್ರ ಅಂತ."

ಚೆನ್ನಯ ಹೊರಗೆ ಹೋಗಿ ಟ್ರಂಕು ಎತ್ತಿಕೊಂಡ.

"ಹೋಗುವುದಾದ್ರೆ ಸ್ಟೇಶನ್ ವರೆಗೆ ನಾನು ಹೊರ್ತೇನೆ," ಎಂದ. "ನಿನ್ನ ಅಪ್ಪ ಅಮ್ಮ. ಬೇಡ ಅನ್ನಲಿಕ್ಕೆ ನಾನು ಯಾರು?"

"ಇಲ್ಲೆ ತರ್ರಿ ಅದನ್ನ."

"ಎಲ್ಲಿಗೆ?"

"ಇಲ್ಲೆ. ಕಿಟಕಿ ಕೆಳಗ." ಅವನು ತಂದಿಟ್ಟ. ಅವಳು ಮುಚ್ಚಳ ತೆಗೆದು ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕಿಟ್ಟಳು. ಕೊನೆಗೆ ತಲೆಯಿಲ್ಲದ ಗಿಳಿಯ ತೋರಣ ಹೊರಬಂತು. "ಅವ್ವಗ ಕಾಗದ ಹಾಕ್ತೀನಿ. ಬಂದ್ರ ಇಬ್ಬರೂ ಬರ್ತೀವಿ, ಇಲ್ಲಂದ್ರ ಇಲ್ಲ ಅಂತ."

ಆ ಮಾತು ಹೇಳುವಾಗ ಅವಳಿಗೆ ಅಪ್ಪ ಮಾಡಿಸಿಕೊಟ್ಟ ಗೂಡು ನೆನಪಾಗಿ ಸಂಕಟವಾಗದೆ ಇರಲಿಲ್ಲ. ಆದರೂ ಕೈ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಲೇ ಇತ್ತು. ಚೆನ್ನಯ ಮಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಅವಳ ಪಕ್ಕ ಕುಕ್ಕರಿಸಿದ. ಕೆನ್ನೆಯ ಮೇಲೆ ಹಂಚಿನ ಕೆಂಪು ಗೆರೆ ಎದ್ದಿತು. ಅವಳು ಸೆರಗಿನಿಂದ ಅದನ್ನು ಒರೆಸಿದಳು, ಬೇಕೆಂದೇ ನಿಧಾನವಾಗಿ.

"ಎಲ್ಲಾ ಮಾಡೀರಿ ಖರೆ. ಆದ್ರ ಡಬ್ಬಿ ಇಡಾಕ ಒಂದು ಮಾಡ ಬೇಕಲ್ರಿ."

ಅವನು ಅವಳ ಮುಖವನ್ನೇ ನೋಡಿದ. ವಡಾಲದ ಬೆಂಚಿನ ಮೇಲಿನ ಆ ತುಂಟತನ ಒದ್ದೆ ಕಣ್ಣಿನಲ್ಲಿ ಮೆಲ್ಲಗೆ ಮೂಡಿತು.

"ಹಾಗಂದ್ರೆ ಎಂತದು?" ಎಂದ.

ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ. ರಾಚವ್ವ ಅವನ ಕೈ ಹಿಡಿದು ಇನ್ನೂ ಹಸಿಯಿದ್ದ ಮಣ್ಣಿನ ಗೋಡೆಗೆ ಒತ್ತಿದಳು, ಅವನ ಬೆರಳಿನಿಂದಲೇ ಒಂದು ಸಣ್ಣ ಚೌಕ ಬರೆದಳು.

"ಕೂಡ್ರಿ, ಹೇಳ್ತೀನಿ."

ಗದ್ದೆಯಾಚೆ ಎರಡರ ಲೋಕಲ್ ಕೂಗಿ ಹೋದದ್ದು ಇಬ್ಬರಿಗೂ ಕೇಳಿಸಿತು.