ಎರಡನೇ ನಲ್ಲಿ

ದೊರೆಸ್ವಾಮಿ ಹಿತ್ತಾಳೆಯ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಕಾದ. ಯಂತ್ರಕ್ಕೇನೂ ಅವಸರವಿರಲಿಲ್ಲ. ಅವನ ಅಂಗೈಯ ಬೆವರು, ನಾಡಿಯ ಬಡಿತ, ರಕ್ತದಲ್ಲಿನ ಆಮ್ಲಜನಕ ಎಲ್ಲವನ್ನೂ ಸಾವಧಾನವಾಗಿ ಓದಿಕೊಂಡು ಕೊನೆಗೊಮ್ಮೆ ನಲ್ಲಿ ಬಿಟ್ಟಿತು. ಬಿಯರ್ ಲೋಟದ ಅರ್ಧಕ್ಕೆ ಬರುತ್ತಲೇ ಟಕ್ಕೆಂದು ನಿಂತಿತು.

“ಗುಬ್ಬಚ್ಚಿಗೆ ನೀರಿಟ್ಟಂಗಾಯ್ತು,” ಎಂದ.

“ಗುಬ್ಬಚ್ಚಿಯಾದ್ರೂ ಬದುಕಿರುತ್ತಲ್ಲ,” ಎಂದಳು ಹೆಂಡತಿ ಮಾದೇವಮ್ಮ, ದಂಟಿನ ಸೊಪ್ಪು ಬಿಡಿಸುತ್ತಾ.

“ಏನಂದೆ?”

ಅವಳು ದನಿ ಏರಿಸಿ ಅದನ್ನೇ ಇನ್ನೊಮ್ಮೆ ಹೇಳಿದಳು. ಮೈಸೂರಿನ ಒಂದು ರೇಷ್ಮೆ ಗಿರಣಿಯಲ್ಲಿ ಮೂವತ್ತನಾಲ್ಕು ವರ್ಷ ಮಗ್ಗ ರಿಪೇರಿ ಮಾಡಿದ ಮನುಷ್ಯ ಅವನು. ಆ ಗದ್ದಲಕ್ಕೆ ಕಿವಿ ಅರ್ಧ ಹೋಗಿತ್ತು. ಸಂಜೆ ಸಂಜೆ ಅಣ್ಣ ಕೆಂಪರಾಜುವಿನ ಜೊತೆ ಕೂತು ಕುಡಿದದ್ದಕ್ಕೆ ಯಕೃತ್ತು ಮುಕ್ಕಾಲು ಹೋಗಿತ್ತು.

ಯಂತ್ರದ ಹೆಸರು ಅಂಗೈನಲ್ಲಿ. ಈ ಶತಮಾನ ಅರ್ಧ ದಾಟಿದ ಮೇಲೆ ಬಂದದ್ದು. ವರ್ಷಗಟ್ಟಲೆ ಕುಡಿದವರಿಗೆ ಒಮ್ಮೆಗೇ ಬಿಡಿಸಿದರೆ ನಡುಕ ಹತ್ತಿ ಪ್ರಾಣಕ್ಕೇ ಕುತ್ತು ಬರುವುದುಂಟು. ಅದಕ್ಕೆ ಈ ಯಂತ್ರ ಅಂಗೈ ಓದಿ, ಆ ದೇಹ ಆ ದಿನ ತಡೆಯುವಷ್ಟನ್ನೇ ಕೊಡುತ್ತಿತ್ತು. ರುಚಿ ಕೆಡಿಸದೆ ಮದ್ಯಸಾರವನ್ನು ಇಳಿಸುತ್ತಾ ಬಂದು ನೂರು ದಿನದಲ್ಲಿ ಸೊನ್ನೆಗೆ ತರುತ್ತಿತ್ತು. ಆಮೇಲೆ ಬತ್ತಿದ ಯಕೃತ್ತನ್ನು ಚಿಗುರಿಸುವ ಚಿಕಿತ್ಸೆ. ನಡುವೆ ಒಂದೇ ಒಂದು ದಿನ ಹದ ತಪ್ಪಿ ಕುಡಿದರೂ ಚಿಗುರುವುದಕ್ಕೆ ಏನೂ ಉಳಿಯುವುದಿಲ್ಲ, ಗಂಡನ ಆಸೆ ಬಿಟ್ಟುಬಿಡಿ ಎಂದು ಯಂತ್ರ ರೂಪಿಸಿದ ಡಾಕ್ಟರ್ ಅರುಂಧತಿ ಮಾದೇವಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಇವತ್ತಿಗೆ ಎಪ್ಪತ್ತೊಂದನೆಯ ದಿನ.

ಹಾಗಿರುವಾಗ ದೊರೆಸ್ವಾಮಿ ಎರಡನೇ ನಲ್ಲಿ ಬೇಕು ಎಂದ.

“ಮಾರ್ಲಾಮಿ ಹತ್ರ ಬಂತು. ಅಣ್ಣಂಗೆ ಎಡೇಲಿ ಬಿಯರ್ ಇಡಬೇಕು. ಬಾಟ್ಲೀದು ಅವನು ಮುಟ್ತಿರ್ಲಿಲ್ಲ, ನೊರೆ ಏಳೋ ನಲ್ಲಿ ಬಿಯರೇ ಆಗ್ಬೇಕಿತ್ತು. ನನ್ನ ಔಷಧಿ ನೀರು ಇಡ್ಲಾ? ಸಾಯೋ ದಿನ ಒಂದು ಗುಟುಕು ಕೇಳ್ದ. ಡಾಕ್ಟ್ರು ಬ್ಯಾಡ ಅಂದ್ರು ಅಂತ ನಾನು ಕೊಡ್ಲಿಲ್ಲ.”

ಮಾದೇವಮ್ಮ ಸೊಪ್ಪನ್ನು ಬದಿಗೆ ತಳ್ಳಿದಳು. ಮನೆಯೊಳಗೆ ಪೂರ್ತಿ ಕಡಕ್ಕಾದ ಬಿಯರಿನ ಪೀಪಾಯಿ! ಬೆಕ್ಕಿನ ಕೊರಳಿಗೆ ಹಾಲಿನ ಕೊಡ ಕಟ್ಟಿದ ಹಾಗೆ. ಆದರೆ ಮಾರ್ಲಾಮಿಯಂಥ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಡಿ ಎನ್ನುವುದು ಹೇಗೆ? ಬೀಡಿ ಸೇದುತ್ತಿದ್ದ ಮಾವನಿಗೆ ಇವತ್ತಿಗೂ ಬೀಡಿ ಕಟ್ಟು ಇಡುತ್ತಿದ್ದಳಲ್ಲ.

ಡಾಕ್ಟರ್ ಅರುಂಧತಿ ಬಂದು ನೋಡಿದರು. “ಕಷ್ಟವೇನಿಲ್ಲ,” ಎಂದರು. ಬಿಯರನ್ನು ಮೇಲೆ ತಳ್ಳುವುದು ಸಿಲಿಂಡರಿನಲ್ಲಿರುವ ಇಂಗಾಲದ ಡೈಆಕ್ಸೈಡ್. ಅದೇ ಅನಿಲವನ್ನು ಕವಲು ಕೊಳವೆಯಿಂದ ಎರಡು ಪೀಪಾಯಿಗೆ ಹಂಚಿದರೆ ಒಂದೇ ಕಂಬದಲ್ಲಿ ಎರಡು ನಲ್ಲಿ ನಡೆಯುತ್ತದೆ. “ಎರಡನೆಯದಕ್ಕೆ ಅಂಗೈ ಓದೋ ಏರ್ಪಾಟು ಬೇಡ. ಒಂದು ಬೀಗ ಹಾಕೋಣ, ಕೀಲಿ ನಿಮ್ಮ ಹತ್ರ ಇರಲಿ.”

ಮಾದೇವಮ್ಮ ಅವರನ್ನು ಅಡುಗೆಮನೆಗೆ ಕರೆದಳು. “ಡಾಕ್ಟ್ರಮ್ಮ, ಬೀಗ ತೆಗೆಯೋದು ಅವರಿಗೆ ಬಾಳೆಹಣ್ಣು ಸುಲಿದಂಗೆ. ಮೂವತ್ತೈದು ವರ್ಷದಿಂದ ನೋಡ್ತಿದ್ದೀನಿ. ಅಕ್ಕಿ ಡಬ್ಬದಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ, ಗಣಪತಿ ಫೋಟೋ ಹಿಂದೆ ಬಾಟ್ಲಿ ಇಟ್ಟ ಗಂಡ ಅದು. ಆ ನಲ್ಲೀನೂ ಕೈ ಓದಬೇಕು. ಅವರು ಮುಟ್ಟಿದ ತಕ್ಷಣ ನಂಗೆ ಗೊತ್ತಾಗಬೇಕು.”

“ಅಷ್ಟೊಂದು ಅಪನಂಬಿಕೆನಾ?”

“ನಂಬಿ ನಂಬಿ ಸಾಕಾಗಿದೆ.”

ಹಾಗಾಗಿ ಎರಡನೇ ಹಿಡಿಕೆಗೂ ಓದುವ ಶಕ್ತಿ ಬಂತು. ಅದು ಮಾದೇವಮ್ಮನ ಕೈಗೆ ಮಾತ್ರ ತೆರೆಯುವುದು. ಬೇರೆ ಯಾರು ಹಿಡಿದರೂ ಡಾಕ್ಟರ್ ಅವಳ ಮಣಿಕಟ್ಟಿಗೆ ಕಟ್ಟಿದ ಪಟ್ಟಿ ನಡುಗಿ ಕೆಂಪು ದೀಪ ಹತ್ತುವುದು, ಆ ಕೈಯ ನಾಡಿ, ಆಮ್ಲಜನಕದ ಅಂಕಿ ಅದರ ಮೇಲೆ ಮೂಡುವುದು. ಇದು ದೊರೆಸ್ವಾಮಿಗೆ ಗೊತ್ತಿರಲಿಲ್ಲ. ಅವನು ಕೊಳವೆ ಕೆಲಸ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದ. ಸಿಲಿಂಡರಿನ ಬಾಯಿಗೆ ಹಾಕಲು ಡಾಕ್ಟರ್ ಕೊಟ್ಟ ಹೊಸ ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿ ಕಿಟಕಿಯ ಮೇಲಿಟ್ಟು, ತಿರುಪಿನ ಗೆರೆಗಳಿರುವ ಮರೆಗೆ ನಾಲ್ಕು ಸುತ್ತು ಬಿಳಿ ಟೇಪು ಸುತ್ತಿ ಬಿಗಿದ. ನೀರಿನ ನಲ್ಲಿಗಾದರೆ ಅದೇ ಸರಿ. ಈ ಬಾಯಿಯಲ್ಲಿ ಅನಿಲವನ್ನು ತಡೆಯುವುದು ವಾಷರೇ ಹೊರತು ಮರೆಯಲ್ಲ. ಮಗ್ಗದ ಮೇಸ್ತ್ರಿಗೆ ಅದನ್ನು ಹೇಳುವವರು ಯಾರು?

ಹಬ್ಬದ ಸಂಜೆ ಕೆಂಪರಾಜುವಿನ ಹೆಂಡತಿ ಚೆಲುವಮ್ಮ ಬಂದಳು. ಡಾಕ್ಟರನ್ನೂ ಊಟಕ್ಕೆ ಕರೆದಿದ್ದರು. ಯಂತ್ರವಿದ್ದ ಕೋಣೆಯಲ್ಲೇ ಕೆಂಪರಾಜುವಿನ ಫೋಟೋ ಇಟ್ಟು, ನೆಲದ ಮೇಲೆ ಎಲೆ ಹಾಸಿ ಮುದ್ದೆ, ಬಾಡಿನ ಸಾರು, ವಡೆ ಬಡಿಸಿದರು. ಅಣ್ಣನಿಗೆ ನೊರೆ ಇಷ್ಟವೆಂದು ದೊರೆಸ್ವಾಮಿ ಸಿಲಿಂಡರಿನ ಕವಾಟವನ್ನು ಪೂರ್ತಿ ತೆರೆದು ಅನಿಲದ ಒತ್ತಡವನ್ನು ಏರಿಸಿದ. ಮಾದೇವಮ್ಮ ಎರಡನೇ ನಲ್ಲಿಯಿಂದ ಲೋಟ ತುಂಬಿಸಿ ಎಲೆಯ ಪಕ್ಕ ಇಟ್ಟಳು. ದೀಪ ಹಚ್ಚಿದ್ದಾಯಿತು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. “ನಾನು ಕಾಗೆಗೆ ಇಟ್ಟು ಬರ್ತೀನಿ,” ಎಂದು ದೊರೆಸ್ವಾಮಿ ಒಂದು ತುಂಡು ಬಾಳೆಲೆ ಎತ್ತಿಕೊಂಡ. ಅವನು ಮಹಡಿಗೆ ಹೋದನೆಂದುಕೊಂಡು ಮಾದೇವಮ್ಮ ಕೋಣೆಯ ಚಿಲಕ ಹಾಕಿದಳು.

ಮೂವರೂ ಹಜಾರದಲ್ಲಿ ಕೂತರು. ಬಾಗಿಲ ಕೆಳಗಿನ ಸಂದಿಯಲ್ಲಿ ದೀಪದ ಬೆಳಕು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುಯ್ ಎಂಬ ಸಣ್ಣ ಸದ್ದು ಬಂತು.

“ಉಬ್ಬಸ,” ಎಂದಳು ಚೆಲುವಮ್ಮ ಪಿಸುಮಾತಿನಲ್ಲಿ. “ಅವರಿಗೆ ಕೊನೆ ಕೊನೆಗೆ ಹಿಂಗೇ ಉಸಿರು ಕಟ್ಟೋದು.”

ಆಮೇಲೆ ಒಳಗೆ ಯಾರೋ ಕೆಮ್ಮಿದರು. ಚೆಲುವಮ್ಮ ಎರಡೂ ಕೈ ಜೋಡಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಅದೇ ಗಳಿಗೆಗೆ ಮಾದೇವಮ್ಮನ ಮಣಿಕಟ್ಟಿನ ಪಟ್ಟಿ ನಡುಗಿತು. ಕೆಂಪು ದೀಪ.

ಅವಳು ಸೆರಗನ್ನು ಅದರ ಮೇಲೆ ಎಳೆದುಕೊಂಡಳು. ಮಹಡಿಯಲ್ಲೂ ಇಲ್ಲ, ಕಾಗೆಗೂ ಇಟ್ಟಿಲ್ಲ. ಕಳ್ಳ ಒಳಗೇ ಉಳಿದಿದ್ದಾನೆ. ಅಣ್ಣನ ಎಡೆಗೂ ಬಾಯಿ ಹಾಕಿದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬಾಗಿಲು ತೆಗೆಯಬೇಕು. ತೆಗೆದರೆ ಹಿರಿಯರಿಗೆ ಅವಮಾನ. ಗಂಡ ಬಂದಿದ್ದಾನೆಂದು ನಂಬಿ ಕೈ ಮುಗಿದು ಕೂತ ಈ ವಿಧವೆಯ ಮುಂದೆ ತನ್ನ ಗಂಡನ ಮಾನ ಹರಾಜು. ತೆಗೆಯದಿದ್ದರೆ ಅವನು ಆ ಹಿಡಿಕೆಯನ್ನೇ ಬಿಚ್ಚಿ ಇನ್ನೂ ಕುಡಿಯುತ್ತಾನೆ, ಎಪ್ಪತ್ತು ಚಿಲ್ಲರೆ ದಿನ ನೀರುಪಾಲು. ಅವಳು ಏಳಲಿಲ್ಲ. ಪಟ್ಟಿ ಇನ್ನೊಮ್ಮೆ ನಡುಗಿತು, ನಿಲ್ಲದೆ ನಡುಗತೊಡಗಿತು. ಹಾಳಾಗಿ ಹೋಗಲಿ ಎಂದುಕೊಂಡಳು ಅವಳು, ಮನಸ್ಸಿನಲ್ಲೇ, ಹಲ್ಲು ಕಚ್ಚಿ.

ಬಾಗಿಲ ಸಂದಿಯ ಬೆಳಕು ಪಕ್ಕನೆ ಆರಿತು.

“ಬಂದ್ರು,” ಎಂದಳು ಚೆಲುವಮ್ಮ. “ಮಾದೇವಿ, ನಿಮ್ಮ ಭಾವ ಬಂದ್ರು ಕಣೇ.”

ಮಾದೇವಮ್ಮ ಕಣ್ಣೊರೆಸಲು ಕೈ ಎತ್ತಿದಾಗ ಸೆರಗು ಜಾರಿತು. ಡಾಕ್ಟರ್ ಅವಳ ಕೈ ಹಿಡಿದು ಪಟ್ಟಿಯ ಮೇಲಿನ ಅಂಕಿ ಓದಿದರು. “ಯಾರ ಕೈ ಇದು? ಆಮ್ಲಜನಕ ಅರವತ್ತೆಂಟಕ್ಕೆ ಇಳಿದಿದೆ. ಅಮ್ಮ, ಒಳಗೆ ಯಾರಿದ್ದಾರೆ?”

“ನಮ್ಮೆಜಮಾನ್ರು,” ಎಂದು ಚೆಲುವಮ್ಮ ಹೇಳಿದಳು, “ಬಾಗ್ಲು ತೆಗೀಬ್ಯಾಡಿ.”

“ಸತ್ತವರ ಕೈಗೆ ನಾಡಿ ಇರಲ್ಲಮ್ಮ. ಈ ಕೈಗಿದೆ, ನಿಲ್ತಾ ಇದೆ.”

ಚಿಲಕವನ್ನು ತಾನು ಹೇಗೆ ಎಳೆದೆನೆಂದು ಮಾದೇವಮ್ಮನಿಗೆ ಆಮೇಲೆ ನೆನಪಾಗಲಿಲ್ಲ. ದೊರೆಸ್ವಾಮಿ ನೆಲದ ಮೇಲೆ ಕೂತಲ್ಲೇ ವಾಲಿಕೊಂಡಿದ್ದ. ಒಂದು ಕೈ ಎರಡನೇ ಹಿಡಿಕೆಯಲ್ಲಿ ಸಿಕ್ಕಿಕೊಂಡಿತ್ತು. “ಉಸಿರು ಬಿಗಿಹಿಡೀರಿ, ಬಗ್ಗಬೇಡಿ,” ಎಂದು ಕೂಗಿ ಡಾಕ್ಟರ್ ಕಿಟಕಿ ತೆರೆದು ಸಿಲಿಂಡರಿನ ಕವಾಟ ತಿರುಗಿಸಿ ಮುಚ್ಚಿದರು. ಆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ತಂಗುತ್ತದೆ. ಎಡೆಯ ಮುಂದೆ ಕೂತವನ ಮೂಗಿನ ಮಟ್ಟಕ್ಕೆ ಅದು ಏರಿ, ಫೋಟೋ ಮುಂದಿನ ದೀಪವನ್ನೂ ಆರಿಸಿತ್ತು. ಸೋರುವ ಸದ್ದು ಅವನ ಕಿವಿಗೆ ಬೀಳಲೇ ಇಲ್ಲ. ಇಬ್ಬರೂ ಅವನ ರಟ್ಟೆ ಹಿಡಿದು ಹಜಾರಕ್ಕೆ ಎಳೆದರು.

ಡಾಕ್ಟರ್ ಎದೆ ಒತ್ತಿ, ಬಾಯಿಗೆ ಉಸಿರೂದಿದ ಮೇಲೆ ಅವನು ಕೆಮ್ಮಿ ಕಣ್ಣು ಬಿಟ್ಟ. ಮಾದೇವಮ್ಮ ಅವನ ಕೆನ್ನೆಗೆ ಒಂದು ಏಟು ಹಾಕಿ, ಆಮೇಲೆ ಅಳಲು ಶುರು ಮಾಡಿದಳು. “ಎಷ್ಟು ಕುಡಿದ್ರಿ? ಹೇಳಿ, ಎಷ್ಟು ಕುಡಿದ್ರಿ?”

ಡಾಕ್ಟರ್ ಕೋಣೆಗೆ ಗಾಳಿಯಾಡುವ ತನಕ ಕಾದು, ಒಳಗೆ ಹೋಗಿ ನೋಡಿ ಬಂದರು. “ಎಡೆ ಲೋಟ ಹಾಗೇ ಇದೆ. ಪಕ್ಕದಲ್ಲಿ ಅರ್ಧ ಲೋಟ, ಅದೂ ಹಾಗೇ ಇದೆ. ಯಂತ್ರ ಓದಿದ ರಕ್ತದಲ್ಲೂ ಇವತ್ತಿನದು ಏನೂ ಇಲ್ಲ.”

“ಅರ್ಧ ಲೋಟ ನಂದು,” ಎಂದ ದೊರೆಸ್ವಾಮಿ ಬಹಳ ಮೆಲ್ಲಗೆ. “ಇವತ್ತಿನ ಪಾಲು ಎತ್ತಿಟ್ಟಿದ್ದೆ. ಅಣ್ಣನ ಜೊತೆ ಕುಡಿಯೋಣ ಅಂತ.”

“ಮತ್ತೆ ಕುಡೀಲಿಲ್ಲ?”

“ಅವನು ಮುಟ್ಟೋಕೆ ಮುಂಚೆ ನಾನು ಹೆಂಗೆ ಮುಟ್ಲಿ? ದೊಡ್ಡೋನಲ್ವಾ. ನೊರೆ ಇಳೀತು, ತುಂಬ್ಸಾಣ ಅಂತ ನಲ್ಲಿ ಹಿಡಿದೆ. ಬಿಡ್ಲಿಲ್ಲ ಅದು. ತಲೆ ತಿರುಗ್ತು, ಹಂಗೇ ಹಿಡ್ಕೊಂಡೆ.”

ತಾನು ಒಳಗಿದ್ದದ್ದು ಹೊರಗೆ ಹೇಗೆ ಗೊತ್ತಾಯಿತೆಂದು ಕೊನೆಗೆ ಅವನೇ ಕೇಳಿದ. ಮಾದೇವಮ್ಮನೇ ಹೇಳಿಬಿಟ್ಟಳು, ಒಂದೂ ಬಿಡದೆ. ಕೆಂಪು ದೀಪ ಕಂಡ ಮೇಲೂ ಕೂತಿದ್ದನ್ನು, ಹಾಳಾಗಿ ಹೋಗಲಿ ಎಂದುಕೊಂಡದ್ದನ್ನು ಸಹ ಹೇಳಿದಳು.

ದೊರೆಸ್ವಾಮಿ ಅವಳ ಕಡೆ ತಿರುಗಿದ. “ನೀನು ನನ್ನ ನಂಬಿದ್ದಿದ್ರೆ,” ಎಂದ, “ಇಷ್ಟು ಹೊತ್ತಿಗೆ ಅಣ್ಣನ ಪಕ್ಕದಲ್ಲಿ ನಂದೂ ಫೋಟೋ ಇರ್ತಿತ್ತು.”

ಅದು ಬೈಗುಳವೋ ಕೃತಜ್ಞತೆಯೋ ಅವಳಿಗೆ ತಿಳಿಯಲಿಲ್ಲ. ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಅವಳು ಮಣಿಕಟ್ಟಿನ ಪಟ್ಟಿ ಬಿಚ್ಚಿ ಡಾಕ್ಟರ ಕೈಗೆ ಕೊಟ್ಟಳು.

ಅಷ್ಟರಲ್ಲಿ ಚೆಲುವಮ್ಮ ಎಡೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. “ಎಡೆ ಚೆಲ್ಲಬಾರದು. ಯಾರಾದ್ರೂ ತಗೋಬೇಕು.”

ದೊರೆಸ್ವಾಮಿ ಲೋಟ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಮಾದೇವಮ್ಮ ಮೂಗು ಮುಚ್ಚಿಕೊಂಡು ಲೋಟ ಎತ್ತಿದಳು. ಮೂವತ್ತೈದು ವರ್ಷ ವಾಸನೆಗೇ ದೂರ ಸರಿದವಳು ಒಂದೇ ಉಸಿರಿಗೆ ಅಷ್ಟನ್ನೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಥೂ,” ಎಂದಳು. “ಇಷ್ಟು ಕಹಿಗಾ ನೀವು ಸಾಯೋಕೆ ಹೊರಟಿದ್ದು?”